ಕಪ್ತಾನರ ಎರಡನೇ ಸೌಟು

ಅಡುಗೆ ಕಸುಬಿಗೆ ಹೊಸದಾಗಿ ಇಳಿದವರು ಈಗಲೂ ಬಂಟ್ವಾಳ ಪೇಟೆಯ ನನ್ನ ಮನೆ ಜಗಲಿಗೆ ಬರುತ್ತಾರೆ. "ಮಾಮ್, ನಿಮ್ಮ ತೋವೆಯ ಗುಟ್ಟು ಹೇಳಿ" ಎನ್ನುತ್ತಾರೆ. ಮಾಮ್ ಎಂದರೆ ಮಾವ, ತೋವೆ ಎಂದರೆ ನಮ್ಮ ಕೊಂಕಣಿಗರ ಮನೆಯ ಬೇಳೆಸಾರು. ಬೇಯಿಸಿದ ಬೇಳೆ, ಹಸಿಮೆಣಸು, ಇಂಗಿನ ನೀರು, ಒಗ್ಗರಣೆ, ಅಷ್ಟೇ. ಇದರಲ್ಲಿ ಗುಟ್ಟು ಎಂತದು ಮಣ್ಣು! ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಎಂಬ ಗಾದೆ ಉಂಟಲ್ಲ, ಆ ಮಂಗ ನಾನೇ. ತೆಂಗು ಊರಿನದ್ದು, ಇಂಗು ಅಂಗಡಿಯದ್ದು, ನನ್ನದು ಅಂತ ಇದ್ದದ್ದು ಬೊಬ್ಬೆ ಮಾತ್ರ.

ಆದರೂ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಕಸುಬು ಬಿಟ್ಟು ವರ್ಷಗಳಾದವು. ಮೊಣಗಂಟು ನನ್ನ ಮಾತು ಕೇಳುವುದಿಲ್ಲ, ಮೂಗಿಗೆ ವಾಸನೆ ಸರಿಯಾಗಿ ಹತ್ತುವುದಿಲ್ಲ. ಇನ್ನು ನನ್ನ ಮಾನ ಹೋದರೂ ಯಾರೂ ಅಡುಗೆಗೆ ಕೊಟ್ಟ ಮುಂಗಡದ ವೀಳ್ಯ ವಾಪಸು ಕೇಳಲಿಕ್ಕಿಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ದಾಮು ಮಾಮ್. ಬಂಟ್ವಾಳದಿಂದ ಮೂಡಬಿದ್ರೆಯವರೆಗೆ ಯಾರ ಮನೆಯ ಮದುವೆಯಾದರೂ ಅವರದ್ದೇ ಅಡುಗೆ. ಮಾತು ಕಡಿಮೆ. ಸೌಟಿನ ಹಿಡಿಯಿಂದ ನಮ್ಮ ಮೊಣಕೈಗೆ ಒಂದು ತಟ್ಟಿದರೆ ತಪ್ಪು ಎಲ್ಲಿ ಎಂದು ನಾವೇ ಹುಡುಕಿಕೊಳ್ಳಬೇಕಿತ್ತು. ಅವರದ್ದು ಒಂದು ಕಟ್ಟುನಿಟ್ಟು: ಅಡುಗೆಯವನು ಕೊನೆಯ ಪಂಕ್ತಿಯಲ್ಲೇ ಕೂರಬೇಕು. ನನಗೆ ಇದು ಸ್ವಲ್ಪವೂ ಸೇರುತ್ತಿರಲಿಲ್ಲ. ಬೆಳಗ್ಗೆಯಿಂದ ಹೊಗೆ ಕುಡಿದವನಿಗೆ ಕೊನೆಗೆ ತಳ ಕೆರೆದ ಪಾಯಸ! ನಾನು "ರುಚಿ ನೋಡುವುದು" ಎಂಬ ನೆಪದಲ್ಲಿ ಮೊದಲ ಪಂಕ್ತಿಗಿಂತಲೂ ಮೊದಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೆ.

ಮಾಮ್‌ಗೆ ವಯಸ್ಸಾಗಿ ಸಣ್ಣಪುಟ್ಟ ಕೆಲಸಗಳನ್ನು ನನಗೆ ಒಪ್ಪಿಸತೊಡಗಿದಾಗ ನಾನು ಮೊದಲು ಮಾಡಿಸಿದ್ದು ಒಂದು ಎತ್ತರದ ಸ್ಟೂಲು. ಮುಖ್ಯ ಅಡುಗೆಯವನೆಂದರೆ ಕೂತು ಹೇಳುವವನು ಎಂಬುದು ನನ್ನ ತಿಳುವಳಿಕೆ. ಮುಂಡಾಜೆಯ ಒಂದು ಉಪನಯನದಲ್ಲಿ ಆ ಸ್ಟೂಲಿನ ಮೇಲೆ ಕೂತು "ತೋವೆಗೆ ಉಪ್ಪು ಹಾಕಿ!" ಎಂದು ಬೊಬ್ಬೆ ಹಾಕಿದೆ. ಯಾರಿಗೆ ಹೇಳಿದ್ದು ಎಂದು ನಾನು ಹೇಳಲಿಲ್ಲ. ಕೆಲಸದವರೆಲ್ಲ ವಿಧೇಯರು. ಕೊಪ್ಪರಿಗೆಯ ಪಕ್ಕ ಹೋದ ಪ್ರತಿಯೊಬ್ಬನೂ ಒಂದೊಂದು ಹಿಡಿ ಉಪ್ಪು ಹಾಕಿದ. ಊಟಕ್ಕೆ ಕೂತ ಒಬ್ಬ ಅಜ್ಜ, "ಇದು ತೋವೆಯಾ, ಸಮುದ್ರವಾ ಮಾರಾಯ್ರೆ?" ಎಂದು ಕೇಳಿದರು. ನಾನು ಕೆಲಸದವರಿಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮಾಮ್ ಬಂದು ಇನ್ನೊಂದು ಹಂಡೆಯಲ್ಲಿ ಉಪ್ಪಿಲ್ಲದ ಬೇಳೆ ಬೇಯಿಸಿ ಬೆರೆಸಿ ಮರ್ಯಾದೆ ಉಳಿಸಿದರು. "ನರ್ಸೂ, ಹೇಳುವವ ಕೊಪ್ಪರಿಗೆ ಹತ್ರ ಇರ್ಬೇಕು" ಎಂದು ನನ್ನ ಹೆಸರು ಹಿಡಿದು ಹೇಳಿದರು. ನಾನು ಸ್ಟೂಲನ್ನು ಕೊಪ್ಪರಿಗೆಯ ಹತ್ತಿರಕ್ಕೆ ಎಳೆದುಕೊಂಡೆ. ನನ್ನ ಬುದ್ಧಿ ಅಷ್ಟು.

ಅಷ್ಟರಲ್ಲಿ ಗೋವಾ ಬಿಡುಗಡೆಯಾಯಿತು. ಬಂಟ್ವಾಳ ಪೇಟೆಯಲ್ಲಿ ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬ. ನಮ್ಮ ಹಿರಿಯರು ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ಗೋವಾ ಬಿಟ್ಟು ಓಡಿ ಬಂದದ್ದು ಪೋರ್ಚುಗೀಸರ ಕಾಟದಿಂದ ಎಂದು ಅಜ್ಜಿ ಹೇಳುತ್ತಿದ್ದದ್ದು ಕಿವಿಯಲ್ಲೇ ಇತ್ತು. ಪಟಾಕಿಯ ಹೊಗೆ ಆರಿ ಸ್ವಲ್ಪ ದಿನಕ್ಕೆ ಪೇಟೆಯ ಒಬ್ಬ ದಿನಸಿ ವ್ಯಾಪಾರಿ ನನ್ನನ್ನು ಕರೆಸಿದರು. ಸೆರೆಸಿಕ್ಕಿದ ಪೋರ್ಚುಗೀಸ್ ಸಿಪಾಯಿಗಳನ್ನು ಗೋವಾದಲ್ಲೇ ಶಿಬಿರಗಳಲ್ಲಿ ಇಟ್ಟಿದ್ದರು. ಅಂಥ ಒಂದು ಶಿಬಿರಕ್ಕೆ ಸಾಮಾನು ಒದಗಿಸುವವರು ಈ ವ್ಯಾಪಾರಿಯ ನೆಂಟರು.

"ಅಲ್ಲಿ ಒಬ್ಬ ಅಡುಗೆಯವ ಬೇಕಂತೆ. ಅವರ ಭಾಷೆ ಗೊತ್ತಿರುವವನೇ ಆಗ್ಬೇಕಂತೆ. ಗೋವಾದವರ ಭಾಷೆ ಕೊಂಕಣಿ ಅಲ್ವಾ? ನಿನಗೆ ಬರ್ತದೆ. ಹೋಗಿ ಬಾ" ಎಂದರು.

ಗೋವಾವನ್ನು ಆಳುತ್ತಿದ್ದವರು ಬೇರೆ, ಗೋವಾದವರು ಬೇರೆ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದದ್ದು ನನ್ನ ಅಮ್ಮನಿಗೆ ಮಾತ್ರ, ಅದೂ ಬೇರೆ ರೀತಿಯಲ್ಲಿ. "ನಮ್ಮ ಹಿರಿಯರನ್ನು ಓಡಿಸಿದವರಿಗೆ ನೀನು ಅನ್ನ ಬೇಯಿಸಿ ಹಾಕ್ತೀಯಾ?" ಎಂದಳು.

"ಈಗ ಸೆರೆಯಲ್ಲಿದ್ದಾರಲ್ಲ ಅಮ್ಮ."

"ಹಾಗಾದ್ರೆ ಉಪ್ಪು ಸರಿಯಾಗಿ ಹಾಕು" ಎಂದಳು. ಮುಂಡಾಜೆಯ ಸುದ್ದಿ ಅವಳಿಗೂ ಮುಟ್ಟಿತ್ತು.

ಶಿಬಿರದಲ್ಲಿ ನಾನು ಮೊದಲ ದಿನ ಕೈದಿಗಳ ಮುಂದೆ ನಿಂತು ಶುದ್ಧ ಬಂಟ್ವಾಳ ಕೊಂಕಣಿಯಲ್ಲಿ "ಜೇವಣಕ ಯೇಯಾ" ಎಂದೆ. ಊಟಕ್ಕೆ ಬನ್ನಿ ಎಂದು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಒಬ್ಬನೂ ಕದಲಲಿಲ್ಲ. ಸಮುದ್ರದಾಚೆಯಿಂದ ಬಂದ ನಾವಿಕರಿಗೆ ಕೊಂಕಣಿ ಎಲ್ಲಿಂದ ಬರಬೇಕು! ಶಿಬಿರದ ಉಸ್ತುವಾರಿಯ ಮೇಜರ್ ಸಾಹೇಬರು ಹಿಂದಿಯಲ್ಲಿ "ಇದು ಎಂಥ ದುಭಾಷಿ?" ಎಂದು ಕೇಳಿದರು. ಆಗ ನನ್ನನ್ನು ಕಾಪಾಡಿದವನು ಕಾಯ್ತಾನ್. ಅವನು ಗೋವಾದವನು, ನನ್ನದೇ ವಯಸ್ಸು, ಪೋರ್ಚುಗೀಸರ ನೌಕಾಪಡೆಯ ಅಡುಗೆಮನೆಯಲ್ಲೇ ದುಡಿದವನು, ಕೊಂಕಣಿ, ಪೋರ್ಚುಗೀಸ್ ಎರಡೂ ಬಲ್ಲವನು, ಹಿಂದಿಯೂ ಅಷ್ಟಿಷ್ಟು ಬರುತ್ತಿತ್ತು. ಮಾಂಸದ ಒಲೆ ಅವನದ್ದು, ಅನ್ನ-ಬೇಳೆಯ ಒಲೆ ನನ್ನದು ಎಂದು ನಿರ್ಧಾರವಾಯಿತು. ನಾವಿಬ್ಬರೂ ಮಾತಾಡುತ್ತಿದ್ದದ್ದು ಕೊಂಕಣಿ. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತೇನೆ.

ನಮ್ಮ ಭಾಗದಲ್ಲಿದ್ದವರು ಹೆಚ್ಚಾಗಿ ಒಂದೇ ಹಡಗಿನ ಜನ. ಹಡಗು ಲಡಾಯಿಯಲ್ಲಿ ನಾಶವಾಗಿತ್ತು, ಜನ ಉಳಿದಿದ್ದರು. ಅವರ ಜೊತೆ ನೌಕಾಪಡೆಯ ಮೂರ್ನಾಲ್ಕು ಅಧಿಕಾರಿಗಳು. ಎಲ್ಲರಿಗಿಂತ ಹಿರಿಯರನ್ನು ನಾವು ಕಪ್ತಾನರು ಎನ್ನುತ್ತಿದ್ದೆವು. ಹೆಸರು ಇತ್ತು, ಆದರೆ ನನ್ನ ನಾಲಗೆಗೆ ಅದು ಹೊರಳುತ್ತಿರಲಿಲ್ಲ. ಸಣಕಲು ಮನುಷ್ಯ, ತಲೆಯಲ್ಲಿ ಕೂದಲು ಕಡಿಮೆ, ಅಂಗಿಯ ಕಾಲರು ಹರಿದಿತ್ತು. ದಿನಾ ಬೆಳಗ್ಗೆ ತಣ್ಣೀರಿನಲ್ಲೇ ಗಡ್ಡ ಬೋಳಿಸಿಕೊಂಡು ನಿಲ್ಲುತ್ತಿದ್ದರು. ಅವರನ್ನು ನೋಡಿ ಉಳಿದವರೂ ಬೋಳಿಸಿಕೊಳ್ಳುತ್ತಿದ್ದರು. ನಾನು ಮಾತ್ರ ಗಡ್ಡ ಬಿಟ್ಟುಕೊಂಡು ಓಡಾಡುತ್ತಿದ್ದೆ. ಅಲ್ಲಿದ್ದವರಲ್ಲಿ ನೋಡಲಿಕ್ಕೆ ಕೈದಿಯ ಹಾಗೆ ಇದ್ದವನು ನಾನೊಬ್ಬನೇ.

"ಇವರಿಗೆ ಒಂದೇ ಹಟ. ತನ್ನ ಹಡಗಿನ ಜನ ಚೆದುರಿ ಹೋಗ್ಬಾರದು. ಎಲ್ಲರನ್ನೂ ಒಟ್ಟಿಗೆ ಮನೆ ಮುಟ್ಟಿಸ್ತೇನೆ ಅಂತ ಮಾತು ಕೊಟ್ಟಿದ್ದಾರೆ" ಎಂದು ಕಾಯ್ತಾನ್ ಹೇಳಿದ. ಅವರಲ್ಲಿ ಒಬ್ಬ ನಾವಿಕನ ಕಾಲಿಗೆ ಪೆಟ್ಟಾಗಿ ಪ್ಲಾಸ್ಟರು ಹಾಕಿದ್ದರು. ಅವನು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕಪ್ತಾನರು ಪಕ್ಕದಲ್ಲಿ ಕೂತರೆ ಮಾತ್ರ ನಾಲ್ಕು ತುತ್ತು ತಿನ್ನುತ್ತಿದ್ದ.

ಊಟದ ಸಾಲಿನಲ್ಲಿ ಮೊದಲು ಪೆಟ್ಟಾದವರು, ಆಮೇಲೆ ಕಿರಿಯ ನಾವಿಕರು, ಆಮೇಲೆ ಹಿರಿಯರು, ಅಧಿಕಾರಿಗಳು, ಎಲ್ಲರ ಹಿಂದೆ ಕಪ್ತಾನರು. ಬೇಳೆ ಮುಗಿದಿದ್ದರೆ ಉಪ್ಪು ಕಲಸಿಕೊಂಡು ಅನ್ನ ಉಣ್ಣುತ್ತಿದ್ದರು. ನನಗೆ ಪಾಪ ಅನಿಸಿತು. ಈ ಮನುಷ್ಯನಿಗೆ ಅವನ ಜನವೇ ಮರ್ಯಾದೆ ಕೊಡುವುದಿಲ್ಲವಲ್ಲ, ಹಡಗು ಹೋದ ಮೇಲೆ ಕಪ್ತಾನನಿಗೆ ಯಾರು ಹೆದರುತ್ತಾರೆ ಎಂದುಕೊಂಡೆ. ಒಂದು ದಿನ ಉಪಕಾರ ಮಾಡುವ ಎಂದು ಒಂದು ಬಟ್ಟಲು ಬೇಳೆ ಮೊದಲೇ ತೆಗೆದಿಟ್ಟು ಗುಟ್ಟಾಗಿ ಕೊಟ್ಟೆ. ಅವರು ಕೈಮುಗಿದು ತೆಗೆದುಕೊಂಡು ನೇರ ಹೋಗಿ ಪ್ಲಾಸ್ಟರಿನವನ ಮುಂದೆ ಇಟ್ಟರು.

ತರಕಾರಿ ಹೆಚ್ಚಲು ಅಧಿಕಾರಿಗಳೇ ಬರುತ್ತಿದ್ದರು. ಕಪ್ತಾನರು ನೆಲದಲ್ಲಿ ಕಾಲು ಮಡಚಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದರು, ನಾನು ಅಲ್ಲೂ ಒಂದು ಸ್ಟೂಲು ಸಂಪಾದಿಸಿ ಮೇಲೆ ಕೂತು "ಸಣ್ಣ ಮಾಡಿ, ಸಣ್ಣ ಮಾಡಿ" ಎಂದು ಕೈಸನ್ನೆ ಮಾಡುತ್ತಿದ್ದೆ. ಹೊಸದಾಗಿ ಬಂದ ಒಬ್ಬ ಪಹರೆಯವನು ನನ್ನನ್ನೇ ಯಾರೋ ದೊಡ್ಡ ಸಾಹೇಬನೆಂದು ತಿಳಿದು ಸೆಲ್ಯೂಟ್ ಹೊಡೆದ. ನಾಚಿಕೆ ಇಲ್ಲದೆ ನಾನೂ ತಿರುಗಿ ಹೊಡೆದೆ.

ಇನ್ನು ಆ ದಿನದ ಕಥೆ. ಬ್ರೆಡ್ಡಿನ ಲಾರಿ ಬರಲಿಲ್ಲ, ಮಾಂಸವೂ ಬರಲಿಲ್ಲ. ಕಾಯ್ತಾನನ ಒಲೆ ತಣ್ಣಗೆ. ಇಂದು ಇವರಿಗೆ ಬಂಟ್ವಾಳದ ಕೈ ತೋರಿಸುವ ಎಂದು ನಾನು ಸೊಂಟ ಕಟ್ಟಿದೆ. ಅಲ್ಲಿಯವರೆಗೆ ಅವರಿಗೆ ಸಪ್ಪೆ ಬೇಳೆ ಹಾಕುತ್ತಿದ್ದೆ. ಆ ದಿನ ನಿಜವಾದ ತೋವೆ. ಊರಿನಿಂದ ತಂದ ಗಟ್ಟಿ ಇಂಗನ್ನು ನೀರಲ್ಲಿ ನೆನೆಸಿ ಸುರಿದೆ. ಸಾಲದು ಎಂದು ಇನ್ನೊಮ್ಮೆ ಸುರಿದೆ. ಒಗ್ಗರಣೆಗೂ ಹಾಕಿದೆ. ಘಮಘಮ! ನನ್ನ ಮೂಗಿಗೆ.

ಹುಟ್ಟಿದಾಗಿನಿಂದ ಇಂಗು ಮೂಸದವರ ಮೂಗಿಗೆ ಅದು ಏನಾಗಿ ಬಡಿಯಿತೋ! ಸಾಲಿನ ಮುಂದಿದ್ದವನು ತಟ್ಟೆ ಮೂಸಿ ಮುಖ ಹಿಂದೆ ಎಳೆದ. ಏನೋ ಅಂದ. ಆ ಮಾತು ಸಾಲಿನ ಉದ್ದಕ್ಕೂ ಹರಿಯಿತು. ಒಬ್ಬೊಬ್ಬರೇ ತಟ್ಟೆ ಕೆಳಗಿಟ್ಟು ಹಿಂದೆ ಸರಿದರು.

"ಏನಂತೆ?" ಎಂದು ಕಾಯ್ತಾನನನ್ನು ಕೇಳಿದೆ.

"ವಿಷ ಹಾಕಿದ್ದಾರೆ ಅಂತ ಹೇಳ್ತಾರೆ ಮಾರಾಯ."

"ವಿಷವಾ? ನನ್ನ ತೋವೆಗಾ?"

"ಮೊನ್ನೆ ಇಬ್ಬರಿಗೆ ಹೊಟ್ಟೆನೋವು ಬಂದಿತ್ತಲ್ಲ. ಈಗ ಈ ವಾಸನೆ. ನಮ್ಮನ್ನು ಮುಗಿಸಲಿಕ್ಕೆ ಹೊರಟಿದ್ದಾರೆ ಅಂತ ಅವರ ಲೆಕ್ಕ."

ನಾನು ಸೌಟು ಹಿಡಿದು ಇಂಗು ತಿಂದ ಮಂಗನ ಹಾಗೆ ನಿಂತೆ. ಮಧ್ಯಾಹ್ನ ಯಾರೂ ಉಣ್ಣಲಿಲ್ಲ. ಸಂಜೆಗೆ ಅದನ್ನೇ ಬಿಸಿ ಮಾಡಿದೆ. ಬಿಸಿ ಮಾಡಿದಾಗ ಇಂಗು ಇನ್ನೂ ಮೇಲೆದ್ದಿತು. ಆಗಲೂ ಯಾರೂ ಮುಟ್ಟಲಿಲ್ಲ.

ಮೇಜರ್ ಸಾಹೇಬರು ಬಂದರು. ಕೆಟ್ಟವರಲ್ಲ, ಆದರೆ ಕೈದಿಗಳು ಊಟ ಬಿಟ್ಟರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಅವರು. ಇದು ಉಪವಾಸದ ಮುಷ್ಕರ, ಇದರ ಹಿಂದೆ ಅಧಿಕಾರಿಗಳಿದ್ದಾರೆ ಎಂದು ಅವರಿಗೆ ಅನಿಸಿತ್ತು. ಕಪ್ತಾನರನ್ನು ಕರೆದು ನಿಲ್ಲಿಸಿ ಹೇಳಿದರು: ಈಗಿಂದೀಗ ಇವರು ಉಣ್ಣದಿದ್ದರೆ ನಾಳೆ ನಿಮ್ಮನ್ನೂ ಉಳಿದ ಅಧಿಕಾರಿಗಳನ್ನೂ ಬೇರೆ ಶಿಬಿರಕ್ಕೆ ಕಳಿಸುತ್ತೇನೆ, ನಾವಿಕರನ್ನು ಹಂಚಿ ಬೇರೆ ಬೇರೆ ಕಡೆ ಹಾಕುತ್ತೇನೆ. ಕಾಯ್ತಾನ್ ಅದನ್ನು ಅವರ ಭಾಷೆಗೆ ತಿರುಗಿಸಿದ. ಪ್ಲಾಸ್ಟರಿನವನು ಗೋಡೆ ಹಿಡಿದು ಎದ್ದು ನಿಂತ.

ಕಪ್ತಾನರು ನನ್ನತ್ತ ಬೆರಳು ತೋರಿಸಿದರೆ ಮುಗಿಯಿತು. "ಈ ಅಡುಗೆಯವನ ಮೇಲೆ ನಮ್ಮವರಿಗೆ ಸಂಶಯ" ಎಂದು ಒಂದು ಮಾತು ಹೇಳಿದರೆ ಅವರು ಬಚಾವ್. ಆಮೇಲೆ ವಿಚಾರಣೆ ನನಗೆ. ಬಂಟ್ವಾಳದ ನರ್ಸು ಕೈದಿಗಳಿಗೆ ವಿಷ ಹಾಕಿದನಂತೆ ಎಂದು ಅಮ್ಮನ ಕಿವಿಗೆ ಬಿದ್ದರೆ! ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಅಡುಗೆಯವನಿಗೆ ಇಷ್ಟು ಸರಿಯಾಗಿ ಹೊಂದುತ್ತದೆಂದು ನನಗೆ ಅವತ್ತೇ ತಿಳಿದದ್ದು.

ಕಪ್ತಾನರು ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮೇಜರರಿಗೆ ಏನೋ ಹೇಳಿದರು. ಕಾಯ್ತಾನ್ ತಿರುಗಿಸಿದ: "ನನ್ನ ಜನಕ್ಕೆ ಆಗ ಹಸಿವಿರಲಿಲ್ಲ. ಈಗ ಹಸಿವಾಗಿದೆ."

ಅಷ್ಟು ಹೇಳಿ, ತಟ್ಟೆ ತೆಗೆದುಕೊಂಡು, ಸಾಲಿನ ಕೊನೆಗೆ ಹೋಗಲಿಲ್ಲ. ನೇರ ನನ್ನ ಕೊಪ್ಪರಿಗೆಯ ಮುಂದೆ ಬಂದು ನಿಂತರು. ಎಲ್ಲರಿಗಿಂತ ಮೊದಲು! ನಾವಿಕರು ನೋಡುತ್ತಿದ್ದರು. ನಾನು ಅನ್ನ ಹಾಕಿ ಒಂದು ಸೌಟು ತೋವೆ ಸುರಿದೆ. ಅವರು ಅಲ್ಲೇ, ಎಲ್ಲರಿಗೂ ಕಾಣುವ ಹಾಗೆ ನಿಂತು, ಅವಸರ ಮಾಡದೆ ಉಂಡರು. ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದುಕೊಂಡೆ. ತಟ್ಟೆ ಬರಿದಾದ ಮೇಲೆ ಮತ್ತೆ ನನ್ನ ಮುಂದೆ ಒಡ್ಡಿ, ಕಾಯ್ತಾನನಿಂದ ಕಲಿತಿದ್ದ ನಾಲ್ಕೈದು ಕೊಂಕಣಿ ಮಾತುಗಳಲ್ಲಿ ಒಂದನ್ನು ಹೇಳಿದರು: "ಆನಿ ಇಲ್ಲೆಂ."

ಇನ್ನೂ ಸ್ವಲ್ಪ ಹಾಕು ಎಂದು!

ಎರಡನೇ ಸೌಟನ್ನೂ ಉಂಡು ಮುಗಿಸಿ, ಗೋಡೆಯ ಹತ್ತಿರ ನಿಂತಿದ್ದ ಪ್ಲಾಸ್ಟರಿನವನನ್ನು ತಾವೇ ಕೈಹಿಡಿದು ಕರೆತಂದರು. ಅವನು ತಟ್ಟೆ ಒಡ್ಡಿದ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಕೊಪ್ಪರಿಗೆ ಖಾಲಿಯಾಯಿತು. ಮೇಜರ್ ಸಾಹೇಬರು ಟೊಪ್ಪಿ ಸರಿಮಾಡಿಕೊಂಡು ಹೋದರು. ಬೇರೆ ಶಿಬಿರದ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮರುದಿನ ಕಪ್ತಾನರು ಪುನಃ ಸಾಲಿನ ತುದಿಯಲ್ಲಿ ನಿಂತಿದ್ದರು.

ಇದರಿಂದ ನಾನು ಕಲಿತ ಪಾಠ ಯಾವುದು ಗೊತ್ತುಂಟಾ? ಕಪ್ತಾನರಿಗೆ ನನ್ನ ತೋವೆ ಎಂದರೆ ಪ್ರಾಣ ಎಂಬ ಪಾಠ! ಎರಡು ಸಲ ಹಾಕಿಸಿಕೊಂಡರಲ್ಲ! ಆಮೇಲೆ ಬ್ರೆಡ್ಡು ಬಂದ ದಿನವೂ ಅವರಿಗಾಗಿ ಒಂದು ಬಟ್ಟಲು ತೋವೆ ಬೇರೆಯಾಗಿ ಮಾಡಿದೆ, ಅಭಿಮಾನದಿಂದ ಇಂಗು ಸ್ವಲ್ಪ ಜಾಸ್ತಿಯೇ ಹಾಕಿದೆ. ಇದು ಒಂದು ದಿನದ ಉಪಚಾರವಲ್ಲ, ಅವರು ಅಲ್ಲಿ ಇದ್ದಷ್ಟು ಕಾಲವೂ ನಡೆಯಿತು. ಅವರು ದಿನಾ ಬಟ್ಟಲು ಬರಿದು ಮಾಡಿ, ತಲೆಬಾಗಿಸಿ, ತೊಳೆದು ತಂದುಕೊಡುತ್ತಿದ್ದರು.

ಬೇಸಿಗೆಯಲ್ಲಿ ಅವರ ಬಿಡುಗಡೆಯಾಯಿತು. ಆ ಹಡಗಿನ ಜನವೆಲ್ಲ ಒಟ್ಟಿಗೆ ಲಾರಿ ಹತ್ತಿದರು. ಪ್ಲಾಸ್ಟರು ತೆಗೆದವನು ಕೋಲೂರಿಕೊಂಡು ಮೊದಲು ಹತ್ತಿದ, ಕಪ್ತಾನರು ಕೊನೆಗೆ. ಹತ್ತುವ ಮೊದಲು ನನ್ನ ಕೈಹಿಡಿದು ಕುಲುಕಿ ಏನೋ ಹೇಳಿದರು. "ನಿನ್ನ ತೋವೆಯನ್ನು ಬದುಕಿರುವ ತನಕ ಮರೆಯುವುದಿಲ್ಲ ಅಂತೆ" ಎಂದ ಕಾಯ್ತಾನ್. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ.

ಊರಿಗೆ ಬಂದವನು ಸುಮ್ಮನಿರುತ್ತೇನಾ? ಬಂಟ್ವಾಳ ಪೇಟೆಯಲ್ಲಿ, ಕಲ್ಲಡ್ಕದ ಹೋಟೆಲಿನಲ್ಲಿ, ಬೆಳ್ತಂಗಡಿಯ ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಹೇಳಿದೆ: ಹಡಗಿನ ಕಪ್ತಾನನೇ ಎರಡು ಸಲ ಹಾಕಿಸಿಕೊಂಡು ಉಂಡ ತೋವೆ! ಜನ ನನಗೆ ಕಪ್ತಾನ್ ನರ್ಸು ಎಂದು ಹೆಸರಿಟ್ಟರು. ಮದುವೆಯ ಮನೆಯವರು "ಆ ಗೋವಾದ ತೋವೆಯನ್ನೇ ಮಾಡಿ ಮಾರಾಯ್ರೆ" ಎನ್ನುವವರೆಗೆ ಬಂತು. ದಾಮು ಮಾಮ್ ಒಬ್ಬರು ಮಾತ್ರ ಕಥೆ ಪೂರ್ತಿ ಕೇಳಿ, "ಅವರು ಅವತ್ತು ಯಾಕೆ ಮೊದಲು ನಿಂತದ್ದು ಅಂತ ಯೋಚನೆ ಮಾಡಿದ್ದೀಯಾ?" ಎಂದರು. "ಹಸಿವು ತಡೀಲಿಕ್ಕೆ ಆಗ್ಲಿಲ್ಲ ಮಾಮ್, ಆ ಪರಿಮಳಕ್ಕೆ!" ಎಂದೆ. ಮಾಮ್ ಸೌಟಿನ ಹಿಡಿಯಿಂದ ನನ್ನ ಮೊಣಕೈಗೆ ಒಂದು ತಟ್ಟಿ ಎದ್ದುಹೋದರು.

ಕೆಲವು ವರ್ಷ ಕಳೆದು ಮೂಡಬಿದ್ರೆಯಲ್ಲಿ ಒಂದು ಮದುವೆಯ ಅಡುಗೆಯಲ್ಲಿದ್ದೆ. ಊಟದ ಗದ್ದಲ ಇಳಿಯುವ ಹೊತ್ತಿಗೆ ಅಡುಗೆ ಚಪ್ಪರದ ಬಾಗಿಲಲ್ಲಿ ಒಬ್ಬ ಬಂದು ನಿಂತು ನಗುತ್ತಿದ್ದ. ಕಾಯ್ತಾನ್! ಮಂಗಳೂರಿನಲ್ಲಿ ಬೇಕರಿ ಕೆಲಸಕ್ಕೆ ಬಂದಿದ್ದನಂತೆ, ಕಪ್ತಾನ್ ನರ್ಸು ಎಂಬ ಹೆಸರು ಬಸ್ಸಿನಲ್ಲಿ ಕೇಳಿ ಹುಡುಕಿಕೊಂಡು ಬಂದಿದ್ದ. ತಬ್ಬಿಕೊಂಡೆವು. ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿ ಕೂರಿಸಿ ನಾನೇ ಬಡಿಸಿದೆ. ನನ್ನ ಕೆಲಸದವರೂ ಅದೇ ಪಂಕ್ತಿಯಲ್ಲಿದ್ದರು. ಸಾಕ್ಷಿ ತಾನಾಗಿ ಮನೆಗೆ ಬಂದಿರುವಾಗ ಬಿಡುವುದುಂಟಾ?

"ಹೇಳು ಮಾರಾಯ, ಇವರಿಗೆ ಹೇಳು. ಕಪ್ತಾನರು ನನ್ನ ತೋವೆ ಎಷ್ಟು ಸಲ ಹಾಕಿಸಿಕೊಂಡ್ರು?"

"ಎರಡು ಸಲ" ಎಂದ ಕಾಯ್ತಾನ್. ನಾನು ಎಲ್ಲರ ಮುಖ ನೋಡಿದೆ. ಅವನು ನಗು ತಡೆಯಲಾರದೆ ಮುಂದುವರಿಸಿದ: "ಆಮೇಲೆ ನೀರಿನ ಟಾಂಕಿಯ ಹಿಂದೆ ಹೋಗಿ ಎರಡು ಸಲ ವಾಂತಿಯೂ ಮಾಡಿದ್ರು."

ಪಂಕ್ತಿಗೆ ಪಂಕ್ತಿಯೇ ನಕ್ಕಿತು.

"ಸುಳ್ಳು!" ಎಂದೆ. "ಆಮೇಲೆ ದಿನಾ ಒಂದು ಬಟ್ಟಲು ಉಣ್ತಿದ್ರಲ್ಲ!"

"ಮೂಗು ಬಿಗಿಹಿಡಿದು ನುಂಗಿ ಒಂದು ಚೆಂಬು ನೀರು ಕುಡೀತಿದ್ರು. ಶಿಬಿರದಲ್ಲಿ ಎಲ್ಲರಿಗೂ ಗೊತ್ತಿತ್ತು ನರ್ಸು. ನಿನಗೊಬ್ಬನಿಗೆ ಗೊತ್ತಿರಲಿಲ್ಲ."

"ನನಗೆ ಒಂದು ಮಾತು ಹೇಳ್ಬಾರದಿತ್ತಾ ಮಾರಾಯ?"

ಕಾಯ್ತಾನನ ನಗು ನಿಂತಿತು. "ಹೇಳ್ಬಾರದು ಅಂತ ನಮಗೆಲ್ಲ ಅವರ ಆರ್ಡರಿತ್ತು. ಇವನು ಊರು ಬಿಟ್ಟು ಬಂದು ನಮಗೆ ಅನ್ನ ಬೇಯಿಸ್ತಾನೆ, ಇವನ ಮನಸ್ಸು ಮುರೀಬಾರದು, ನನ್ನ ಜನರಲ್ಲಿ ಇವನೂ ಒಬ್ಬ ಅಂತ ಹೇಳಿದ್ರು."

ನಾನು ತೋವೆಯ ಬಾಲ್ದಿ ಹಿಡಿದುಕೊಂಡು ಅಲ್ಲೇ ನಿಂತೆ. ಕೆಲಸದವರ ನಗು ಕಿವಿಗೆ ಕೇಳುತ್ತಿತ್ತು, ಆದರೆ ನಾಟುತ್ತಿರಲಿಲ್ಲ. ಹಡಗು ಕಳೆದುಕೊಂಡ, ಹರಿದ ಕಾಲರಿನ, ನಮ್ಮ ಶತ್ರುವಾಗಿದ್ದ ಆ ಮನುಷ್ಯ ತನ್ನವರನ್ನು ಒಟ್ಟಿಗೆ ಇಟ್ಟುಕೊಳ್ಳುವಾಗ ನನ್ನನ್ನೂ ಅವರೊಳಗೆ ಸೇರಿಸಿಕೊಂಡಿದ್ದ. ಸ್ಟೂಲಿನ ಮೇಲೆ ಕೂತು ಅವರಿಗೆ ಆಲೂಗಡ್ಡೆ ಸುಲಿಯಲು ಕಲಿಸುತ್ತಿದ್ದವನು ನಾನು! ಅಷ್ಟು ನಾಚಿಕೆಯೂ ಅಷ್ಟು ಸಂತೋಷವೂ ಒಟ್ಟಿಗೆ ನನಗೆ ಮತ್ತೆಂದೂ ಆದದ್ದಿಲ್ಲ.

ಅಷ್ಟರಲ್ಲಿ ಕಾಯ್ತಾನ್ ಎಲೆಯ ಮೇಲಿನ ಅನ್ನಕ್ಕೆ ಗುಂಡಿ ಮಾಡಿ ನನ್ನತ್ತ ನೋಡಿದ. "ಇನ್ನೊಂದು ಸೌಟು ಹಾಕು ನರ್ಸು. ಒಳ್ಳೆಯದಾಗಿದೆ" ಎಂದ.

ನಾನು ಅವನ ಮುಖವನ್ನೇ ನೋಡಿದೆ. ನಿಜವಾಗಿಯಾ ಎಂದು ಕೇಳುವ ಧೈರ್ಯ ಬರಲಿಲ್ಲ. ಹಾಕಿದೆ, ಅರ್ಧ ಸೌಟು ಮಾತ್ರ.